ಕೌದಿಗೊಂದು ಕೋಣೆ

ನಮ್ಮ ಮನೆಯಲ್ಲಿ ಹೊಸ ಸೀರೆಗಳಿಗೆ ಇರುವುದು ಒಂದೇ ಕಪಾಟು. ಹಳೆಯ ಸೀರೆಗಳು ಮಾತ್ರ ಮಂಚದ ಕೆಳಗೆ, ಅಟ್ಟದ ಮೇಲೆ, ಅಕ್ಕಿ ಡಬ್ಬಿಯ ಹಿಂದೆ, ಒಮ್ಮೆಯಂತೂ ನಮ್ಮ ಯಜಮಾನರ ಸೂಟ್‌ಕೇಸಿನೊಳಗೂ ಸಿಕ್ಕಿದ್ದವು. ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದ ಅವರು ಅದನ್ನು ತೆರೆದು, "ಇದು ಮನಿನೋ, ಗುಜರಿ ಅಂಗಡಿನೋ?" ಎಂದರು. ಕೌದಿ ಹೊಲಿಯುವ ಹುಚ್ಚಿರುವ ಹೆಂಗಸರ ಸಂಸಾರವೇ ಹೀಗೆ.

ಮಗ ನೌಕರಿಗೆಂದು ಪುಣೆಗೆ ಹೋದ ಮೇಲೆ ಧಾರವಾಡದ ನಮ್ಮ ಮನೆಯಲ್ಲಿ ಅವನ ಕೋಣೆ ಖಾಲಿಯಾಯಿತು. ಮೂರು ತಿಂಗಳು ಮನಸ್ಸು ತಡೆದೆ. ಕೊನೆಗೆ ಫೋನಿನಲ್ಲಿ ಅವನ ಒಪ್ಪಿಗೆ ಪಡೆದು ಸೆರಗು ಸಿಕ್ಕಿಸಿ ನಿಂತೆ.

ಕೌದಿಗೆ ಮೇಜು ಬೇಡ, ನೆಲ ಬೇಕು. ಮೂರು ನಾಲ್ಕು ಪದರ ಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸಿ, ಮೂಲೆಗಳಿಗೆ ಗುಂಡುಕಲ್ಲು ಇಟ್ಟು, ಅಂಚಿನಿಂದ ಸುತ್ತುತ್ತ ಸುತ್ತುತ್ತ ಹೊಲಿಗೆಯನ್ನು ನಡುವಿಗೆ ತರಬೇಕು. ಆದ್ದರಿಂದ ನೆಲ ಬರಿದಾಗಿರಬೇಕು, ಸಾಮಾನೆಲ್ಲ ಗೋಡೆ ಹತ್ತಬೇಕು ಎಂದು ನಿರ್ಧರಿಸಿದೆ. ಬಡಿಗ ಹೇಳಿದ ರೇಟು ಕೇಳಿ ಎದೆ ಝಲ್ಲೆಂದಿತು. ಸುತ್ತಿಗೆ ನಾನೇ ಹಿಡಿದೆ.

ಹಣ್ಣಿನ ಅಂಗಡಿಯಿಂದ ಆರು ಕಟ್ಟಿಗೆಯ ಪೆಟ್ಟಿಗೆ ತಂದು, ಉಸುಕಿನ ಕಾಗದದಿಂದ ತಿಕ್ಕಿದೆ. ಹಾಗೆ ತಿಕ್ಕದಿದ್ದರೆ ಸಿಬಿರು ಸೀರೆಯ ಎಳೆ ಹಿಡಿದು ಎಳೆಯುತ್ತದೆ. ಅಡ್ಡ ಮಲಗಿಸಿ ಒಂದರ ಮೇಲೊಂದು ಇಟ್ಟು, ಬೀಳದಂತೆ ಗೋಡೆಯ ಕೊಂಡಿಗೆ ತಂತಿಯಿಂದ ಬಿಗಿದೆ. ಕೆಳಗೆ ಇಟ್ಟಿಗೆ, ಗೋಡೆಗೂ ಪೆಟ್ಟಿಗೆಗೂ ನಡುವೆ ನಾಲ್ಕು ಬೆರಳು ಸಂದು. ನಮ್ಮೂರ ಮಳೆಗಾಲದಲ್ಲಿ ಹಸಿ ಗೋಡೆಗೆ ತಾಗಿದ ಬಟ್ಟೆ ಬೂಸು ಹಿಡಿಯಲು ಬಹಳ ದಿನ ಬೇಕಿಲ್ಲ.

ಸೀರೆಗಳನ್ನು ಬಣ್ಣ ನೋಡಿ ಜೋಡಿಸಲಿಲ್ಲ, ಗುಣ ನೋಡಿ ಜೋಡಿಸಿದೆ. ನೂಲಿನವು ಬೇರೆ, ನೈಲಾನಿನವು ಬೇರೆ. ನೂಲು ತೊಳೆದರೆ ಕುಗ್ಗುತ್ತದೆ, ನೈಲಾನು ಜಗ್ಗುವುದಿಲ್ಲ. ಇದು ತಿಳಿಯದೆ ಎರಡನ್ನೂ ಕೂಡಿಸಿ ಹೊಲಿದ ನನ್ನ ಮೊದಲ ಕೌದಿ ಒಂದೇ ಒಗೆತಕ್ಕೆ ಸುಟ್ಟ ಹಪ್ಪಳದ ಹಾಗೆ ಮುದುಡಿತ್ತು! ಸೊಳ್ಳೆ ಪರದೆಯ ಹಳೆಯ ಕೋಲುಗಳನ್ನು ಕೊಕ್ಕೆಗೆ ಅಡ್ಡ ಇಟ್ಟು ಒಗೆದ ಧೋತರಗಳನ್ನು ಹರವಿದೆ. ಒಂದು ಹಲಗೆಗೆ ಸಾಲಾಗಿ ಉದ್ದ ಮೊಳೆ ಹೊಡೆದರೆ ದಾರದ ಉಂಡೆಗಳಿಗೆ ಮನೆಯಾಯಿತು. ಕೆಟ್ಟ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತ ಸೂಜಿಗಳನ್ನೆಲ್ಲ ತಬ್ಬಿಕೊಂಡು ಕೂತಿತು.

ಎಲ್ಲಕ್ಕೂ ಜಾಗ ಸಿಕ್ಕಿತು, ಒಂದು ತಗಡಿನ ಟ್ರಂಕಿನ ಹೊರತು.

ಅದು ನನ್ನ ಅವ್ವನದು. ಅವ್ವ ಹೋಗಿ ಆರು ವರ್ಷವಾದರೂ ನಾನು ಅದರ ಚಿಲಕ ತೆಗೆದಿರಲಿಲ್ಲ. ಒಳಗೇನಿದೆ ಎಂದು ಗೊತ್ತಿತ್ತು. ಹಬ್ಬಕ್ಕೆ ಮಾತ್ರ ಅವಳು ಉಡುತ್ತಿದ್ದ, ಟೋಪ ತೆನಿ ಸೆರಗಿನ ಇಳಕಲ್ ಸೀರೆ. ಕೋಣೆಯಲ್ಲಿ ಎಲ್ಲಿಟ್ಟರೂ ಕಾಲಿಗೆ ಎಡವುತ್ತಿದ್ದ ಆ ಟ್ರಂಕನ್ನು ಒಂದು ಮಧ್ಯಾಹ್ನ ಕೊನೆಗೂ ತೆರೆದೆ.

ಇಳಕಲ್ ಸೀರೆಯ ಒಡಲು ನೂಲಿನದು, ಸೆರಗು ರೇಷ್ಮೆಯದು. ಎರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಬಿಚ್ಚಿದರೆ ಸೆರಗು ಮಡಿಕೆ ಮಡಿಕೆಗೂ ಸೀಳಿತ್ತು. ಒಡಲಿಗೆ ತಗಡಿನ ತುಕ್ಕು ಹತ್ತಿ ಅಲ್ಲಲ್ಲಿ ತೂತಾಗಿತ್ತು. ರೇಷ್ಮೆಯನ್ನು ಮೂರು ತಿಂಗಳಿಗೊಮ್ಮೆ ಗಾಳಿಗೆ ಹಿಡಿದು, ಹಳೆಯ ಮಡಿಕೆ ಬಿಡಿಸಿ ಬೇರೆ ಮಡಿಕೆ ಹಾಕಬೇಕು, ಹಳೆಯ ಧೋತರದಲ್ಲಿ ಸುತ್ತಿಡಬೇಕು ಎಂದು ಓಣಿಯ ಹೆಂಗಸರಿಗೆಲ್ಲ ಉಪದೇಶ ಮಾಡುವವಳು ನಾನು. ಅವ್ವನ ಸೀರೆಯನ್ನು ಮಾತ್ರ ಮುಟ್ಟಲಾರದೆ ಮುಟ್ಟಲಾರದೆ ಕೈಯಾರೆ ಕೊಂದಿದ್ದೆ. ಕೂತು ಅತ್ತೆ.

ಎಂಬತ್ತು ದಾಟಿದ ನಮ್ಮ ಅತ್ತೆಯವರು ಗೋಡೆ ಹಿಡಿದು ಬಂದು ಪಕ್ಕದಲ್ಲಿ ಕೂತರು. ಸೆರಗಿನ ಮೇಲೆ ಕೈಯಾಡಿಸಿ, "ಟ್ರಂಕಿನ್ಯಾಗ ಇಟ್ಟರ ಹುಳ ತಿಂತಾವ. ಕೌದ್ಯಾಗ ಹಾಕಿದರ ಮಕ್ಕಳು ಹೊಚ್ಚಿಗೋತಾರ. ಕತ್ತರಿ ತಾ ಯವ್ವಾ" ಅಂದರು.

ಎಲ್ಲಿ ಕತ್ತರಿಸಬೇಕೆಂದು ಸೀಳುಗಳೇ ತೋರಿಸಿದವು. ಮಡಿಕೆಗಳ ನಡುವೆ ಗಟ್ಟಿ ಉಳಿದ ತುಂಡುಗಳಿಗೆ ಮೆತ್ತನೆಯ ಧೋತರದ ಆಸರೆ ಕೊಟ್ಟು ಕೌದಿಯ ನಡುವೆ ಕೂಡಿಸಿದೆ. ಎರಡು ತಿಂಗಳು ಹಿಡಿಯಿತು. ಕೊನೆಯ ಹೊಲಿಗೆಗೆ ಮುಂಚೆ ಅತ್ತೆಯವರು ನಾಲ್ಕು ಕಾಳು ಜೋಳ ತಂದು ನಡುವಿನ ಸಂದಿಗೆ ಹಾಕಿಸಿದರು. "ಕೌದಿ ಹೊಟ್ಟಿ ಹಸದಿರಬಾರದು" ಎನ್ನುವುದು ಅವರ ಮಾತು.

ದೀಪಾವಳಿಗೆ ಮಗ ಬಂದ. ತನ್ನ ಕೋಣೆಯ ಅವತಾರ ನೋಡಿ ನಕ್ಕು, ಪೆಟ್ಟಿಗೆಗಳ ಮುಂದೆ ನೆಲದ ಮೇಲೆಯೇ ಮಲಗಿದ. ಬೆಳಿಗ್ಗೆ ಚಹ ಒಯ್ದಾಗ ಕೌದಿಯ ನಡುವೆ ಬೆರಳಿಟ್ಟು, "ಅವ್ವಾ, ಇದು ಆಯಿ ಸೀರಿ ಅಲ್ಲಾ?" ಎಂದು ಕೇಳಿದ. ಹೌದೆಂದೆ. ಹೋಗುವಾಗ ಕೇಳಿ ತೆಗೆದುಕೊಂಡು ಹೋದ.

ಟ್ರಂಕು ಈಗಲೂ ಕೋಣೆಯಲ್ಲೇ ಇದೆ. ತುಕ್ಕು ಕೆರೆದು, ಬಣ್ಣ ಹಚ್ಚಿ, ಮೇಲೊಂದು ಮಡಿಸಿದ ದುಪ್ಪಟಿ ಹಾಕಿದ್ದೇನೆ. ನೆಲದ ಮೇಲೆ ಕೂತು ಮೊಣಕಾಲು ನೊಂದಾಗ ಎದ್ದು ಅದರ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತೇನೆ.