ಕಾಫಿ ಆರಿದರೆ ಆರಲಿ

ದಸರಾ ರಜೆಗೆ ಅಜ್ಜಂಪುರದಿಂದ ಮೊಮ್ಮಗಳು ಬಂದಿದ್ದಳು. ನಾಲ್ಕನೇ ಕ್ಲಾಸು. ಜಗಲಿಯ ಮೇಲೆ ಕೂತು ತಾತ ಅವಳಿಗೆ ಬೆರಳಿನಲ್ಲಿ ಲೆಕ್ಕ ಹಾಕುವುದನ್ನು ಹೇಳಿಕೊಡುತ್ತಿದ್ದರು. ಹೆಬ್ಬೆರಳು ಬಿಟ್ಟರೆ ಉಳಿದ ನಾಲ್ಕು ಬೆರಳಿಗೂ ಮೂರು ಮೂರು ಗೆಣ್ಣು. ಹೆಬ್ಬೆರಳಿನ ತುದಿಯಿಂದ ಒಂದೊಂದೇ ಮುಟ್ಟುತ್ತಾ ಹೋದರೆ ಒಂದು ಕೈಗೆ 12, ಎರಡು ಕೈಗೆ 24. ನಮ್ಮ ಕಾಲದಲ್ಲಿ ಸಂತೆಯ ಲೆಕ್ಕ, ಹಾಲಿನ ಲೆಕ್ಕ ಎಲ್ಲ ಹೀಗೇ ನಡೆಯುತ್ತಿತ್ತು.

ಪುಟ್ಟಿ ತನ್ನ ಕೈ ಎಣಿಸಿದಳು, 24. ನನ್ನ ಕೈ ಹಿಡಿದು ಎಣಿಸಿದಳು, 24. ಆಮೇಲೆ ತಾತನ ಕೈ ಎಳೆದುಕೊಂಡಳು.

"ತಾತಾ, ನಿಮ್ಮದು 21 ಮಾತ್ರ!"

ಅವರ ಬಲಗೈ ತೋರುಬೆರಳಿನಲ್ಲಿ ಒಂದೇ ಗೆಣ್ಣು ಉಳಿದಿದೆ. ನಡುಬೆರಳಿನ ತುದಿಯೂ ಇಲ್ಲ. "ಮೂರನ್ನ ಇಲಿ ಸಾಲ ತಗೊಂಡು ಹೋಯ್ತು ಮಗಾ, ಇನ್ನೂ ವಾಪಸ್ ಕೊಟ್ಟಿಲ್ಲ" ಎಂದು ಅವರು ನಕ್ಕರು. ಮೊಮ್ಮಕ್ಕಳು ಕೇಳಿದಾಗಲೆಲ್ಲ ಅವರು ಹೇಳುವುದು ಇದನ್ನೇ. ಆಗೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. 18 ವರ್ಷದಿಂದ ಹೀಗೇ ಎದ್ದು ಹೋಗಿದ್ದೇನೆ. ಈ ಸಲ ಬಾಗಿಲವರೆಗೆ ಹೋದವಳು ತಿರುಗಿ ಬಂದು ಅವಳ ಪಕ್ಕ ಕೂತೆ. ಅಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಪತ್ರಿಕೆ ಓದುವ ಅಜ್ಜ ಅಜ್ಜಿಯರ ಮನೆಯಲ್ಲೂ, ಮಕ್ಕಳ ಮನೆಯಲ್ಲೂ ಕೈಯಿಂದ ದುಡಿದು ತರುವವರು ಒಬ್ಬರಾದರೂ ಇದ್ದೇ ಇರುತ್ತಾರಲ್ಲ.

ನನ್ನ ತವರು ಕಡೂರಿನ ಹತ್ತಿರ. ಬಯಲುಸೀಮೆ, ತೆಂಗಿನ ಸೀಮೆ. ನಮ್ಮಪ್ಪ ಕಾಯಿ ಸುಲಿಯುತ್ತಿದ್ದರು. ನೆಲದಲ್ಲಿ ಹುಗಿದು ನಿಲ್ಲಿಸಿದ ಕಬ್ಬಿಣದ ಸಲಾಕೆ, ಅದರ ತುದಿ ಭರ್ಜಿಯಂತೆ ಚೂಪು. ಕಾಯನ್ನು ಎರಡು ಕೈಯಲ್ಲಿ ಹಿಡಿದು ಅದರ ಮೇಲೆ ಕುಕ್ಕಿ ತಿರುಚಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಕೈ ಎರಡು ಬೆರಳಿನಷ್ಟು ಜಾರಿದರೂ ಅಂಗೈ ಸಲಾಕೆಯ ಮೇಲೆ.

ಅಪ್ಪ ಕೆಲಸ ಶುರು ಮಾಡುವ ಮೊದಲು ಒಂದು ಕೋಲು ತಗೊಂಡು ಸಲಾಕೆಯ ಸುತ್ತ ನೆಲದ ಮೇಲೆ ದುಂಡಗೆ ಗೆರೆ ಎಳೆಯುತ್ತಿದ್ದರು. ಮಕ್ಕಳಾದ ನಾವು ಆ ಗೆರೆ ದಾಟುವಂತಿಲ್ಲ. ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಸುಲಿಯುವಾಗ ಅವರನ್ನು ಯಾರೂ ಕರೆಯುವಂತಿಲ್ಲ. ಅಮ್ಮ ಕೂಡ. ಊಟದ ಹೊತ್ತಾದರೆ ಎದುರಿಗೆ ಹೋಗಿ ಗೆರೆಯ ಆಚೆ ಸುಮ್ಮನೆ ನಿಲ್ಲಬೇಕು. ಕೈಯಲ್ಲಿದ್ದ ಕಾಯಿ ಮುಗಿಸಿ ಅವರೇ ತಲೆ ಎತ್ತುತ್ತಿದ್ದರು.

"ಕರೆದರೆ ಕಣ್ಣು ನಿನ್ನ ಕಡೆ ಬರುತ್ತೆ, ಕೈ ಅಲ್ಲೇ ಇರುತ್ತೆ" ಎನ್ನುತ್ತಿದ್ದರು ಅಪ್ಪ. ಚಿಕ್ಕವಳಾಗಿದ್ದ ನನಗೆ ಅಪ್ಪ ಬಹಳ ಸಿಡುಕಿನವರು ಎನಿಸುತ್ತಿತ್ತು.

ಮದುವೆಯಾಗಿ ಬಂದದ್ದು ತರೀಕೆರೆಗೆ. ಕಡೂರಿನಲ್ಲಿ ರೈಲು ಹತ್ತಿ ಬೀರೂರು ದಾಟಿ ಶಿವಮೊಗ್ಗದ ದಾರಿ ಹಿಡಿದರೆ ಸಿಗುವ ಊರು. ದೂರ ಹೆಚ್ಚಿಲ್ಲ, ಆದರೆ ಮಲೆನಾಡಿನ ಬಾಗಿಲು. ಇಲ್ಲಿ ತೆಂಗಿಗಿಂತ ಅಡಿಕೆಯದೇ ಕಾರುಬಾರು. ಕೊಯ್ಲಿನ ಕಾಲದಲ್ಲಿ ಮನೆಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದೆವು. ರಾತ್ರಿ ಹತ್ತಾದರೂ ಏಳುತ್ತಿರಲಿಲ್ಲ. ಬೆರಳಿಗೆ ಬಟ್ಟೆಯ ಚಿಂದಿಯನ್ನೋ ಸೈಕಲ್ ಟ್ಯೂಬಿನ ತುಂಡನ್ನೋ ಸುತ್ತಿಕೊಳ್ಳುತ್ತಿದ್ದೆವು. ಆದರೂ ಗಾಯ ತಪ್ಪುತ್ತಿರಲಿಲ್ಲ. ಆದರೆ ಕತ್ತಿ ನಿಂತಲ್ಲೇ ನಿಂತಿರುತ್ತದೆ. ಕೈ ತಾಗಿತೋ, ಚುರುಕ್ ಎಂದು ನಾವೇ ಎಳೆದುಕೊಳ್ಳುತ್ತೇವೆ. ಬೆರಳು ಕೊಯ್ಯುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ.

ಆಮೇಲೆ ಸುಲಿಯುವವರು ಸಿಗುವುದು ಕಷ್ಟವಾಯಿತು. ನಮ್ಮ ಮನೆಗೂ ಅಡಿಕೆ ಸುಲಿಯುವ ಯಂತ್ರ ಬಂತು. ಮೇಲಿನಿಂದ ಅಡಿಕೆ ಸುರಿದರೆ ಒಳಗೆ ತಿರುಗುವ ರೋಲರು ಸಿಪ್ಪೆ ಬಿಡಿಸಿ ಕೆಳಗೆ ಉದುರಿಸುತ್ತದೆ. ಪಕ್ಕದಲ್ಲಿ ಮೋಟಾರು, ಅದಕ್ಕೊಂದು ಬೆಲ್ಟು. ಎಲ್ಲದಕ್ಕೂ ತಗಡಿನ ಮುಚ್ಚಳ ಕೊಟ್ಟಿದ್ದರು. ಒಂದೇ ವಾರದಲ್ಲಿ ನಮ್ಮ ಯಜಮಾನರು ಆ ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿಟ್ಟರು. ಅಡಿಕೆ ಸಿಕ್ಕಿಕೊಂಡಾಗಲೆಲ್ಲ ನಾಲ್ಕು ತಿರುಪು ಬಿಚ್ಚಿ ಮತ್ತೆ ಹಾಕಲು ಯಾರಿಗೆ ಪುರುಸೊತ್ತು? ಸಿಕ್ಕಿದ್ದನ್ನು ಯಂತ್ರ ಓಡುತ್ತಿದ್ದಾಗಲೇ ಬೆರಳಿನಿಂದ ಚಿಮ್ಮಿ ತೆಗೆಯುತ್ತಿದ್ದರು. ಒಂದು ಸಲವಲ್ಲ, ನೂರು ಸಲ ಹಾಗೆ ತೆಗೆದಿದ್ದರು. ಏನೂ ಆಗಿರಲಿಲ್ಲ. ಹಾಗಾಗಿಯೇ ಭಯ ಹೋಗಿತ್ತು.

2007ರ ಕಾರ್ತಿಕ ಮಾಸ, ಸಂಜೆ ಹೊತ್ತು. ನಾನು ಕಾಫಿ ಮಾಡಿ ಅಡುಗೆಮನೆ ಬಾಗಿಲಲ್ಲಿ ನಿಂತು ಅವರ ಬೆನ್ನ ಹಿಂದಿನಿಂದ ಕೂಗಿದೆ. "ರೀ, ಬೇಗ ಬನ್ನಿ, ಕಾಫಿ ಆರುತ್ತೆ!"

ಅವರು ತಿರುಗಿ ನೋಡಿದರು. ಕೈ ಅಲ್ಲೇ ಇತ್ತು.

ಅಪ್ಪನ ಮಾತು ನನಗೆ ಅರ್ಥವಾದದ್ದು ಆ ಗಳಿಗೆಯಲ್ಲಿ.

ಆಮೇಲೆ ಮಾಡಿದ್ದೆಲ್ಲ ತಪ್ಪೇ. ರಕ್ತ ನಿಲ್ಲಲೆಂದು ಅರಿಸಿನ, ಕಾಫಿಪುಡಿ ಮೆತ್ತಿದೆವು. ಬಾಯಿ ಒಣಗುತ್ತಿದೆ ಎಂದರು ಅಂತ ಅದೇ ಕಾಫಿಯನ್ನು ಕುಡಿಸಿದೆವು. ಪಕ್ಕದ ಮನೆಯವರ ಜೀಪಿನಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಬಟ್ಟೆ ಬಿಚ್ಚಿ ನೋಡಿ ಕೇಳಿದ ಮೊದಲ ಪ್ರಶ್ನೆ: "ತುಂಡಾದ ಬೆರಳು ಎಲ್ಲಿ?"

ನಾವು ಮುಖ ಮುಖ ನೋಡಿಕೊಂಡೆವು. ಅದು ಸಿಪ್ಪೆಯ ರಾಶಿಯಲ್ಲಿ ಉಳಿದಿತ್ತು. ಸಿಗಲಿಲ್ಲ ಎಂದಲ್ಲ, ನಾವು ಹುಡುಕಲೇ ಇಲ್ಲ. ಹೋದ ಬೆರಳು ಹೋಯಿತು ಎಂದೇ ತಿಳಿದಿದ್ದೆವು.

ಜಪಾನಿನ ವೈದ್ಯರು ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಸಹಾಯದಿಂದ ಮತ್ತೆ ಜೋಡಿಸಿದ್ದು 1965ರಲ್ಲೇ. ಈಗ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲೂ ಅದನ್ನು ಮಾಡುತ್ತಾರೆ. ನಜ್ಜುಗುಜ್ಜಾದ ಬೆರಳು ಕೂಡುವುದು ಕಷ್ಟ, ನಮ್ಮವರದು ಕೂಡುತ್ತಿತ್ತೋ ಇಲ್ಲವೋ. ಆದರೆ ತರದೇ ಹೋದ ಬೆರಳು ಖಂಡಿತ ಕೂಡುವುದಿಲ್ಲ.

ಡಾಕ್ಟರು ಅಂದು ತಿಳಿಸಿದ್ದನ್ನು ನಾನು ಮರೆತಿಲ್ಲ. ಮೊದಲು ಯಂತ್ರ ನಿಲ್ಲಿಸಿ. ಗಾಯದ ಮೇಲೆ ಶುದ್ಧವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ. ಅರಿಸಿನ, ಕಾಫಿಪುಡಿ ಏನನ್ನೂ ಹಾಕಬೇಡಿ. ಉಂಗುರ, ಬಳೆ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಅರಿವಳಿಕೆ ಕೊಡಬೇಕಾಗಬಹುದು, ಹಾಗಾಗಿ ತಿನ್ನಲು ಕುಡಿಯಲು ಕೊಡಬೇಡಿ. ತುಂಡಾದ ಭಾಗವನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನ ಪಾತ್ರೆಯಲ್ಲಿಡಿ. ಬೆರಳಿಗೆ ನೇರವಾಗಿ ಮಂಜುಗಡ್ಡೆಯಾಗಲಿ ನೀರಾಗಲಿ ತಾಗಬಾರದು. ನಮಗೆ ಅಂದು ಜೀಪು ಹುಡುಕಬೇಕಾಯಿತು. ಈಗಾದರೆ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಇಷ್ಟು ಹೇಳುವ ಹೊತ್ತಿಗೆ ಪುಟ್ಟಿ ತಾತನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. "ಅಜ್ಜಿ, ತಾತ ಬೇಗ ಕೈ ಎಳ್ಕೋಬಹುದಿತ್ತಲ್ಲ?" ಎಂದಳು.

ತಾತ ಅದನ್ನೂ ಲೆಕ್ಕವಾಗಿಯೇ ಹೇಳಿಕೊಟ್ಟರು. ಮೋಟಾರಿನ ಮೇಲಿನ ತಗಡಿನಲ್ಲಿ ನಿಮಿಷಕ್ಕೆ 1440 ಸುತ್ತು ಎಂದು ಬರೆದಿದೆ. ಸೆಕೆಂಡಿಗೆ ಎಷ್ಟು? ಅವಳು 60ರಿಂದ ಭಾಗಿಸಿದಳು. 24. ಎರಡು ಕೈಯ ಗೆಣ್ಣು ಎಷ್ಟಿವೆಯೋ ಅಷ್ಟು. ನೋವು ಗೊತ್ತಾಗಿ ಮನುಷ್ಯ ಕೈ ಎಳೆದುಕೊಳ್ಳಲು ಕಾಲು ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ ಮೋಟಾರು 6 ಸುತ್ತು ಸುತ್ತಿರುತ್ತದೆ. ಎಷ್ಟೇ ಚುರುಕಿನವನಾದರೂ ಅದರ ಜೊತೆ ಓಟದಲ್ಲಿ ಗೆಲ್ಲಲಾರ.

ಮಕ್ಕಳೇ, ಒಂದು ಕೈಯಲ್ಲಿ 27 ಮೂಳೆಗಳಿವೆ. ಎರಡು ಕೈ ಸೇರಿ 54. ಇಡೀ ದೇಹದ 206 ಮೂಳೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೈಯಲ್ಲೇ ಇವೆ. ನಿಮ್ಮ ಮುಂದೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬೆರಳು ಆಡಿಸಿ ನೋಡಿ. ಮುಂದೋಳಿನೊಳಗೆ ಏನೋ ಅಲುಗುತ್ತದೆ. ಬೆರಳನ್ನು ಮಡಚುವ ಮಾಂಸಖಂಡ ಬೆರಳಿನಲ್ಲಿಲ್ಲ, ಬಹುಪಾಲು ಮುಂದೋಳಿನಲ್ಲಿದೆ. ಬಾವಿಯ ಹಗ್ಗದ ಹಾಗೆ ಉದ್ದನೆಯ ನಾರುಗಳು ಅಲ್ಲಿಂದ ಬೆರಳನ್ನು ಎಳೆಯುತ್ತವೆ. ಒಂದು ನಾರು ಕಡಿದರೂ ಬೆರಳು ಇದ್ದೂ ಇಲ್ಲದಂತೆ.

ಇಂಥ ಕೈಗೆ ಕಾನೂನೂ ಒಂದು ಲೆಕ್ಕ ಕಟ್ಟಿದೆ. ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡಲು 1923ರಲ್ಲಿ ಬಂದ ಕಾಯ್ದೆಯ ಪಟ್ಟಿಯಲ್ಲಿ, ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ 30 ಹೋದಂತೆ ಎಂದಿತ್ತು. ಇಡೀ ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7. ಏಕಲವ್ಯನಿಂದ ದ್ರೋಣರು ಹೆಬ್ಬೆರಳನ್ನೇ ಯಾಕೆ ಕೇಳಿದರು ಎಂದು ಈಗ ತಿಳಿಯಿತಲ್ಲ? ಆದರೆ ಶರ್ಟಿನ ಗುಂಡಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯುವಾಗ ಆಗುವ ಸಂಕೋಚ ಯಾವ ಪಟ್ಟಿಯಲ್ಲೂ ಇಲ್ಲ. ನಮ್ಮವರು ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು.

ಮಗಳನ್ನು ಕೊಟ್ಟದ್ದು ಅಜ್ಜಂಪುರಕ್ಕೆ. ಹಿಂದೆ ನಮ್ಮ ತರೀಕೆರೆ ತಾಲ್ಲೂಕಿಗೇ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು. ಅಮೃತಮಹಲ್ ದನಗಳಿಗೆ ಹೆಸರಾದ ಊರು. ಅವರ ಮನೆಯಲ್ಲೂ ದನಗಳಿವೆ, ಮೇವು ಕತ್ತರಿಸುವ ಯಂತ್ರವಿದೆ. ಸುಗ್ಗಿಯಲ್ಲಿ ಒಕ್ಕಣೆ ಯಂತ್ರ ಬರುತ್ತದೆ. ಅಳಿಯನ ಮನೆಗೆ ಹೋದಾಗ ನಮ್ಮವರು ಮೊದಲು ನೋಡುವುದು ಇವುಗಳನ್ನೇ.

ಒಕ್ಕಣೆ ಯಂತ್ರಗಳಲ್ಲಿ ನಮ್ಮ ದೇಶದಲ್ಲಿ ಎಷ್ಟೋ ಜನ ಕೈ ಕಳೆದುಕೊಂಡಿದ್ದಾರೆ. ಅದಕ್ಕೇ 1983ರಲ್ಲಿ ಅಪಾಯಕಾರಿ ಯಂತ್ರಗಳನ್ನು ನಿಯಂತ್ರಿಸುವ ಕಾಯ್ದೆಯೇ ಬಂತು. ತೆನೆ ತಳ್ಳುವ ದೋಣಿ ಕನಿಷ್ಠ 90 ಸೆಂಟಿಮೀಟರ್ ಉದ್ದವಿರಬೇಕು, ಅದರಲ್ಲಿ 45 ಸೆಂಟಿಮೀಟರಿಗೆ ಮೇಲೆ ಮುಚ್ಚಿಗೆ ಇರಬೇಕು ಎಂಬುದು ನಿಯಮ. ಕೈ ಎಷ್ಟು ಚಾಚಿದರೂ ಹಲ್ಲಿಗೆ ಎಟುಕಬಾರದು, ಇಷ್ಟೇ ಅದರ ಗುಟ್ಟು. ಯಂತ್ರ ಬಾಡಿಗೆಗೆ ತರುವವರು ಒಂದು ಟೇಪು ಹಿಡಿದು ಅಳೆದು ನೋಡಬಹುದು.

ನಮ್ಮವರು ಅಳಿಯನಿಗೆ ಹೇಳುವ ಮಾತುಗಳು ಕೆಲವೇ. ಮುಚ್ಚಳ ಬಿಚ್ಚಬೇಡ. ಸಿಕ್ಕಿಕೊಂಡರೆ ಸ್ವಿಚ್ ಆರಿಸು, ಪ್ಲಗ್ಗನ್ನೂ ಕೀಳು, ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಿ. ಸ್ವಿಚ್ ಆರಿಸಿದ ಮೇಲೂ ಮೇವಿನ ಯಂತ್ರದ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆಮೇಲೂ ಬೆರಳು ಹಾಕಬೇಡ, ಕೋಲು ಹಾಕು. ಉಂಗುರ, ಸಡಿಲವಾದ ತೋಳು, ಹೆಗಲ ಮೇಲಿನ ಟವೆಲ್ಲು, ಸೆರಗು ಯಂತ್ರದ ಹತ್ತಿರ ಬೇಡ. ಇನ್ನೊಂದು ಮಾತು ಅಳಿಯನಿಗೂ ಹೊಸದಾಗಿತ್ತು. ಕುಡುಗೋಲು ಹಿಡಿಯುವಾಗ ಕೈಗವಸು ಒಳ್ಳೆಯದು, ಆದರೆ ತಿರುಗುವ ಯಂತ್ರದ ಹತ್ತಿರ ಅದೇ ಶತ್ರು. ಗವಸಿನ ತುದಿ ಸಿಕ್ಕಿದರೆ ಕೈಯನ್ನೂ ಒಳಗೆ ಎಳೆದುಕೊಳ್ಳುತ್ತದೆ.

ಇವೆಲ್ಲ ಕೆಲಸ ಮಾಡುವವರಿಗೆ. ಮನೆಯಲ್ಲಿ ಕೂತಿರುವ ನಮಗೂ ಒಂದು ಕೆಲಸವಿದೆ. ನನ್ನ ವಯಸ್ಸಿನವರೇ, ಯಂತ್ರದ ಮುಂದಿರುವ ಮಗನನ್ನು, ಸೊಸೆಯನ್ನು ಬೇಗ ಬೇಗ ಎಂದು ಅವಸರಪಡಿಸಬೇಡಿ. ಮಕ್ಕಳೇ, ಹಿಂದಿನಿಂದ ಹೋಗಿ ಅಪ್ಪಾ ಎಂದು ಕೂಗಬೇಡಿ, ಬೆನ್ನು ತಟ್ಟಬೇಡಿ. ಫೋನ್ ಬಂದರೆ ಹಿಡಿದುಕೊಂಡು ಓಡಬೇಡಿ. ಅವರ ಕಣ್ಣಿಗೆ ಬೀಳುವ ಹಾಗೆ ದೂರದಲ್ಲಿ ನಿಲ್ಲಿ, ಅವರೇ ನೋಡಲಿ.

ನಾನು ಹೇಳಿ ಮುಗಿಸಿದ ಮೇಲೆ ನಮ್ಮವರು ಮೆಲ್ಲಗೆ "ನೀನು ಕರೆದದ್ದರಿಂದ ಆದದ್ದಲ್ಲ ಕಣೇ. ಮುಚ್ಚಳ ಬಿಚ್ಚಿದವನು ನಾನು" ಎಂದರು. 18 ವರ್ಷದಲ್ಲಿ ನಾವಿಬ್ಬರೂ ಈ ಮಾತು ಆಡಿದ್ದು ಅದೇ ಮೊದಲು.

ಮರುದಿನ ಆಯುಧಪೂಜೆ. ಅಡಿಕೆ ಯಂತ್ರವನ್ನು ಒರೆಸಿ, ಮುಚ್ಚಳದ ನಾಲ್ಕು ತಿರುಪೂ ಗಟ್ಟಿ ಇವೆಯೇ ನೋಡಿ, ಅರಿಸಿನ ಕುಂಕುಮ ಹಚ್ಚಿ ಹೂವಿಟ್ಟೆವು. ಪುಟ್ಟಿ ರಂಗೋಲಿ ಡಬ್ಬಿ ತಂದು ಯಂತ್ರದ ಸುತ್ತ ದೂರದಲ್ಲಿ ದುಂಡಗೆ ಒಂದು ಗೆರೆ ಎಳೆದಳು. ಅಪ್ಪನ ಗೆರೆಯೇ ಅದು.

ಹಬ್ಬ ಮುಗಿದು ಕೆಲಸ ಶುರುವಾದ ಸಂಜೆ ಅವಳ ಕೈಯಲ್ಲಿ ಕಾಫಿ ಕಳಿಸಿದೆ. ಗೆರೆಯ ಆಚೆ ಲೋಟ ಹಿಡಿದು ತಾತನಿಗೆ ಕಾಣುವಂತೆ ನಿಂತಳು. ಬಾಯಿ ಬಿಡಲಿಲ್ಲ. ಅವರು ಸುರಿದ ಅಡಿಕೆ ಮುಗಿಸಿ ತಲೆ ಎತ್ತಿದರು, ಸ್ವಿಚ್ ಆರಿಸಿದರು, ರೋಲರು ನಿಲ್ಲುವವರೆಗೆ ಕಾದರು. ಆಮೇಲೆ ಬಂದು ಲೋಟ ತಗೊಂಡರು.

"ಆರಿಹೋಗಿದೆ ತಾತಾ, ಬಿಸಿ ಮಾಡ್ಕೊಂಡು ಬರ್ಲಾ?"

"ಬೇಡ ಮಗಾ" ಎಂದು ಅವರು ಅಲ್ಲೇ ನಿಂತು ಕುಡಿದರು.