ಮಾರಾಟದ ಮನೆಯ ಸಿಂಗಾರ

ಮಗಳ ಮದುವೆಗೆ ಬಳಿಯದ ಸುಣ್ಣವನ್ನೂ ಮನೆ ಮಾರುವಾಗ ಬಳಿಯುವುದು ಲೋಕದ ರೂಢಿ. ಇಪ್ಪತ್ತು ವರ್ಷ ಕಿರುಗುಟ್ಟಿದ ಬಾಗಿಲಿಗೆ ಆಗ ಎಣ್ಣೆ ಬೀಳುತ್ತದೆ; ಸೋರುವ ನಲ್ಲಿ ಒಂದೇ ದಿನದಲ್ಲಿ ನೆಟ್ಟಗಾಗುತ್ತದೆ. ಅಷ್ಟು ಕಾಲ ಅಲ್ಲಿ ಬಾಳಿದವರಿಗೆ ದೊರೆಯದ ಸೊಗಸು, ಅರ್ಧ ಗಂಟೆ ನೋಡಿ ಹೋಗುವ ಅಪರಿಚಿತರಿಗೆ ಮೀಸಲು!

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹಳೆಯ ಮನೆಯೊಂದಕ್ಕೆ ಇಂಥ ಸಿಂಗಾರದ ಕಾಲ ಬಂದಿತು. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನು ಸೇಡಮಿನಲ್ಲಿ, ಮಗಳು ಚಿಂಚೋಳಿಯಲ್ಲಿ. ವೃದ್ಧೆ ತಾಯಿಯನ್ನು ಒಬ್ಬರನ್ನೇ ಬಿಡುವಂತಿರಲಿಲ್ಲ. ವಾಡಿಯಲ್ಲಿ ನೌಕರಿಯಲ್ಲಿದ್ದ ದಂಪತಿಗಳು ಮನೆ ನೋಡಲು ಬರುವರೆಂದು ತಿಳಿದು, ಮಕ್ಕಳು ಎಂಟು ದಿನ ಮೊದಲೇ ಬಂದು ಸೇರಿದರು.

ಆ ಸೀಮೆಯ ಮನೆಯೆಂದರೆ ಕಲ್ಲಿನ ಮನೆ. ಶಹಾಬಾದಿನ ಹೆಸರನ್ನು ದೂರದೂರದ ಊರುಗಳಿಗೆ ಒಯ್ದ ಆ ಸುಣ್ಣಕಲ್ಲು, ಭೂಮಿಯೊಳಗೆ ಹೊತ್ತಗೆಯ ಹಾಳೆಗಳಂತೆ ಪದರಪದರವಾಗಿ ಮಲಗಿರುತ್ತದೆ. ವಾಡಿಯ ಕಾರ್ಖಾನೆಯಲ್ಲಿ 1968ರಿಂದ ಸಿಮೆಂಟಾಗುತ್ತ ಬಂದಿರುವುದೂ ಇದೇ ಬಳಗದ ಕಲ್ಲು. ಈ ಮನೆಯ ನೆಲಕ್ಕೆ, ಗೋಡೆಗೆ, ಮಾಳಿಗೆಗೆ ಎಲ್ಲಕ್ಕೂ ಅದೇ. ಹಿರಿಯ ಸೊಸೆಗೆ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಕಿಸುವ ಆಸೆ. ಗೌಂಡಿ ಒಪ್ಪಲಿಲ್ಲ. "ಇಂಥಾ ಬಿಸಿಲ ನಾಡಿನಾಗ ತಣ್ಣನ ಫರಸಿ ಮುಚ್ಚತಾರೇನ್ರೀ ಅಕ್ಕಾರ?" ಎಂದ. ಕಿರಿಯವನು ಕಲೆ ತೆಗೆಯಲೆಂದು ಆಸಿಡ್ ತಂದು ಬಾಗಿಲ ಬಳಿ ಸುರಿದ. ಸುಣ್ಣಕಲ್ಲಿಗೆ ಆಮ್ಲ ಹಗೆ. ಬುಸ್ಸೆಂದು ನೊರೆಯೆದ್ದು, ಮೂರು ತಲೆಮಾರಿನ ಪಾದಗಳು ಸವೆಸಿ ತಂದ ನುಣುಪು ಅಂಗೈಯಗಲ ಬಿಳಿಚಿಕೊಂಡಿತು. ಉಳಿದ ನೆಲವನ್ನು ಬರಿಯ ನೀರು, ತೆಂಗಿನ ನಾರುಗಳಿಂದ ಉಜ್ಜಿದರು. ಅಷ್ಟೇ ಸಾಕಾಗಿತ್ತು.

ಕಾಗದಪತ್ರಗಳಿಗೂ ಸಿಂಗಾರ ಬೇಕಷ್ಟೆ. ಮೂಲ ಖರೀದಿಪತ್ರ ಫಸಲಿ 1350ರದು, ಎಂದರೆ 1940-41ರದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಾಡು; ಕಚೇರಿಯ ಭಾಷೆ ಉರ್ದು. ಮನೆಯಲ್ಲಿ ಅದನ್ನು ಓದಬಲ್ಲವರಾಗಿದ್ದವರು ತೀರಿಹೋದ ಯಜಮಾನರೊಬ್ಬರೇ. ಪೇಟೆಯ ನಿವೃತ್ತ ಉಪಾಧ್ಯಾಯರೊಬ್ಬರು ಓದಿ ಅರ್ಥ ಹೇಳಿದರು. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿ ಸಮಪಾಲು ಕೊಟ್ಟಿರುವುದರಿಂದ ಚಿಂಚೋಳಿಯ ಮಗಳ ರುಜುವೂ ಬೇಕಿತ್ತು. "ನನ್ನನ್ನ ಕರೆಸಿದ್ದು ಮಾಯಾಕ್ಕೋ, ಸಹಿಗೋ?" ಎಂದು ಆಕೆ ನಗುತ್ತ ಕೇಳಿದಳು. ಅಣ್ಣಂದಿರು ನಗಲಿಲ್ಲ.

ಇನ್ನು ಉಳಿದದ್ದು ಹಗೇವು. ಪಡಸಾಲೆಯ ಮೂಲೆಯಲ್ಲಿ ಅಗಲವಾದ ಫರಸಿಯೊಂದರ ಕೆಳಗೆ, ಹಿಂದೆ ಜೋಳ ತುಂಬಿಡುತ್ತಿದ್ದ ಆಳೆತ್ತರದ ಗುಂಡಿ. ನಲವತ್ತು ವರ್ಷದಿಂದ ಬರಿದು. ಈಚಿನ ಮಳೆಗಾಲಗಳಲ್ಲಿ ಒಳಗಿನ ಮಣ್ಣು ಜರಿದು, ಮೇಲಿನ ಕಲ್ಲು ಕಾಲಿಟ್ಟರೆ ಅಲುಗುತ್ತಿತ್ತು. ಕಿರಿಯವನು ಅದರ ಮೇಲೆ ಅಪ್ಪನ ಮರದ ಪೆಟ್ಟಿಗೆಯನ್ನೆಳೆದು, ಹೂಕುಂಡವಿರಿಸಿದ. ನೋಟಕ್ಕೆ ಬಹು ಚೆನ್ನಾಯಿತು! ಮಾರುವವನಿಗೆ ತಿಳಿದಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಬಾಯಿಬಿಟ್ಟು ಹೇಳಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ ವಿಧಿಸುತ್ತದೆ. ಹಿರಿಯವನಿಗೆ ಅದು ಗೊತ್ತಿತ್ತು. ಆದರೆ ಬೆಲೆ ಇಳಿದೀತೆಂದು ಅವನೂ ಸುಮ್ಮನಿದ್ದ.

ತಾಯಿ ಕಾನೂನು ಓದಿದವರಲ್ಲ. ಬಂದ ದಂಪತಿಗಳ ಪುಟ್ಟ ಹುಡುಗಿ ಕುಂಟುತ್ತ ಆಡುತ್ತ ಆ ಮೂಲೆಗೆ ಸಾಗಿದಾಗ, ಅವರು ಎದ್ದು ಅದರ ರಟ್ಟೆ ಹಿಡಿದರು. "ತಮ್ಮಾ, ಆ ಪೆಟಿಗಿ ಸರಸು. ನೋಡವ್ವಾ, ಇದರ ಬುಡಕ ಹಗೇವು ಅದ. ತುಂಬಿಸಿದ ಮ್ಯಾಲೇ ಕೂಸಿನ್ನ ಇಲ್ಲಿ ಆಡಲಿಕ್ಕ ಬಿಡು" ಎಂದರು.

ಮಾತುಕತೆ ಸಂಜೆಯವರೆಗೆ ನಡೆಯಿತು. ಗುಂಡಿ ತುಂಬಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳುವುದೆಂದು ತೀರ್ಮಾನವಾಯಿತು. ಕಲ್ಲೆತ್ತಿ ನೋಡಿದರೆ ಎಣಿಸಿದ್ದಕ್ಕಿಂತ ಆಳ. ಎರಡು ಟ್ರ್ಯಾಕ್ಟರ್ ಗರಸು ಹಿಡಿಯಿತು. ಕಿರಿಯವನು ಎರಡು ದಿನ ತಾಯಿಯೊಡನೆ ಮಾತಾಡಲಿಲ್ಲ. ಹೊರಡುವಾಗ ಅಪ್ಪನ ಪೆಟ್ಟಿಗೆಯನ್ನು ಮಾತ್ರ ಯಾರಿಗೂ ಕೊಡದೆ ತಾನೇ ಸೇಡಮಿಗೆ ಒಯ್ದ.