ಹಾಲಿನ ಪ್ಯಾಕೆಟ್ಟಿನ ಮೂಲೆ

ಜೂನ್ 2, 2024, ಭಾನುವಾರ
ಮಗಳು ಹಟ ಹಿಡಿದಳು. ವಾರದ ಒಣಕಸ ವರಾಂಡದಲ್ಲಿ ಸುರಿದು ಪ್ಲಾಸ್ಟಿಕ್ ಎಣಿಸಿದೆವು. ಹಾಲಿನ ಪ್ಯಾಕೆಟ್ 14. ಬೇಳೆ, ಹಿಟ್ಟಿನ ಕವರು 9. ಚಿಪ್ಸ್, ಬಿಸ್ಕತ್ತಿನದು 17. ಅಮ್ಮನ ಮಾತ್ರೆ ಶೀಟು 4. ಹೋಟೆಲಿನಿಂದ ತರಿಸಿದ ಡಬ್ಬಿ 6. ಒಟ್ಟು 50. ಇರುವುದು ನಾಲ್ಕು ಜನ. ಬೇಸರವಾಯಿತು.

ಜೂನ್ 3, ಬೆಳಿಗ್ಗೆ 6.30
ಕರಿಬೇವಿನ ಕುಂಡದ ಮಣ್ಣು ಕೆದಕಿದೆ. ನಮ್ಮದೇ ಅಡುಗೆಮನೆಯ ಗೊಬ್ಬರ. ಉಗುರಿನಷ್ಟು ದೊಡ್ಡ ನೀಲಿ ತುಣುಕು ಮೂರು ಸಿಕ್ಕವು. ಹಾಲಿನ ಪ್ಯಾಕೆಟ್ಟಿನ ಮೂಲೆ! ಕತ್ತರಿಸಿದ್ದು ಸಿಂಕಿಗೆ ಬೀಳುತ್ತದೆ, ಅಲ್ಲಿಂದ ತರಕಾರಿ ಸಿಪ್ಪೆಯ ಜೊತೆ ಹಸಿಕಸಕ್ಕೆ. ಪ್ಯಾಕೆಟ್ಟನ್ನು ತೊಳೆದು ಒಣಗಿಸಿದರೆ ಮರುಬಳಕೆಗೆ ಹೋಗುತ್ತದೆ. ಮೂಲೆ ಮಾತ್ರ ಮಣ್ಣಲ್ಲೇ ಉಳಿಯುತ್ತದೆ, ಕೊಳೆಯದೆ. ನಾಳೆಯಿಂದ ಪೂರ್ತಿ ಕತ್ತರಿಸಬಾರದು. ಅರ್ಧಕ್ಕೆ ಕತ್ತರಿ ನಿಲ್ಲಿಸಬೇಕು, ಮೂಲೆ ಅಂಟಿಕೊಂಡೇ ಇರಲಿ.

ಜೂನ್ 5
ಗಾಂಧಿಬಜಾರು. ಎರಡು ಮೊಳ ಮಲ್ಲಿಗೆ. ಹೂವಿನಾಕೆ ಕವರಿಗೆ ಕೈ ಹಾಕಿದಳು. ಬಾಳೆಎಲೆಯಲ್ಲೇ ಕಟ್ಟಿಕೊಡಿ ಎಂದೆ. ‘ಎಲ್ರೂ ಕವರೇ ಕೇಳ್ತಾರೆ ಸ್ವಾಮಿ, ಇಲ್ಲ ಅಂದ್ರೆ ಪಕ್ಕದೋಳ ಹತ್ರ ಹೋಗ್ತಾರೆ.’ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದ್ದು 2016ರಲ್ಲಿ. ಕೇಳುವವರು ನಾವೇ ಆಗಿರುವಾಗ ಆಕೆಯನ್ನು ದೂರುವುದು ಹೇಗೆ?

ಜೂನ್ 8, ರಾತ್ರಿ
ಅಮ್ಮನ ಹಾಸಿಗೆ ಕೆಳಗಿದ್ದ ಹಳೇ ಕವರುಗಳನ್ನೆಲ್ಲ ಕಸಕ್ಕೆ ಕಟ್ಟಿದೆ. ಅಮ್ಮ ಊಟಕ್ಕೆ ಬರಲಿಲ್ಲ.

11 ಗಂಟೆ. ನಿದ್ದೆಯಿಲ್ಲ. ಒಂದೊಂದನ್ನೂ ತೊಳೆದು, ನೀಟಾಗಿ ನಾಲ್ಕು ಮಡಿಕೆ ಮಡಿಸಿಟ್ಟಿದ್ದಳು. ಒಂದೇ ಕವರಲ್ಲಿ ವರ್ಷಗಟ್ಟಲೆ ಕೊತ್ತಂಬರಿ ತಂದವಳು. ಎಸೆದವನು ನಾನು. ಎದ್ದು ಹೋಗಿ ಗಂಟು ಬಿಚ್ಚಿ, ಇದ್ದಲ್ಲೇ ಇಟ್ಟೆ.

ಜೂನ್ 11
ಕಸದ ಆಟೋ. ಪೌರಕಾರ್ಮಿಕ ಹೆಂಗಸು ನಮ್ಮ ಚೀಲಕ್ಕೆ ಬರಿಗೈ ಹಾಕಿ ಬೇರ್ಪಡಿಸುತ್ತಿದ್ದಳು. ಹಾಲಿನ ಪ್ಯಾಕೆಟ್ಟು ಒಂದು ಕಡೆಗೆ. ಚಿಪ್ಸ್ ಕವರು ಎತ್ತಿ ತೋರಿಸಿ, ‘ಇದಕ್ಕೆ ಕಾಸು ಹುಟ್ಟಲ್ಲ ಸಾರ್.’ ಒಳಗಿನ ಬೆಳ್ಳಿಬಣ್ಣದ ಪದರ ಪ್ಲಾಸ್ಟಿಕ್ಕಿಗೆ ಬೆಸೆದುಕೊಂಡಿರುತ್ತದೆ. ಬಿಡಿಸುವುದು ಬಲು ಕಷ್ಟ. ಎಷ್ಟೋ ಸಲ ಅದರ ಗತಿ ಸಿಮೆಂಟು ಕಾರ್ಖಾನೆಯ ಬೆಂಕಿ. ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಜೂನ್ 13
ಹೆಂಡತಿ ಮನೆಗೆ ಬಂದಾಗ ಎಂಟೂವರೆ. ಅಡುಗೆ ಇಲ್ಲ. ಊಟ ತರಿಸಿದೆವು, ನಾಲ್ಕು ಡಬ್ಬಿ. ‘ಬೇಳೆ ತರೋಕೆ ಡಬ್ಬಿ ಹೊರೋದು, ಪ್ಯಾಕೆಟ್ ತೊಳೆಯೋದು, ತಿಂಡಿ ಮನೇಲೇ ಮಾಡೋದು, ಎಲ್ಲ ನಾನೇನಾ?’ ಎಂದಳು. ಉತ್ತರ ಕೊಡಲಾಗಲಿಲ್ಲ. ನಿಜ, ಎಣಿಸುವುದಷ್ಟೇ ನನ್ನ ಪಾಲಿಗಿತ್ತು.

ಜೂನ್ 16, ಭಾನುವಾರ
ದಿನಸಿಗೆ ನಾನೇ ಹೋದೆ. ಸ್ಟೀಲ್ ಡಬ್ಬಿ ಐದು. ಅಂಗಡಿಯವನು ಮೊದಲು ಖಾಲಿ ಡಬ್ಬಿ ತೂಗಿ, ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ತೂಕ ಬರೆದ. ಹಿಂದೆ ಸಾಲು ಬೆಳೆಯಿತು, ಯಾರೋ ಗೊಣಗಿದರು. ಸಂಜೆ ಅಮ್ಮ ಹೇಳಿಕೊಟ್ಟಂತೆ ಮಗಳೂ ನಾನೂ ಕೋಡುಬಳೆ ಹೊಸೆದೆವು. ಅಮ್ಮ ಮಾತಾಡಿದಳು.

ಜೂನ್ 20
ಮಗಳ ಬ್ಯಾಗಿನಲ್ಲಿ ಚಿಪ್ಸ್ ಕವರು, ಸಣ್ಣಗೆ ಮಡಚಿದ್ದು. ಗದರಲಿಲ್ಲ. ರಸ್ತೆಗೆಸೆಯದೆ ಮನೆಗೆ ತಂದಿದ್ದಾಳೆ. ಗದರಬೇಕಿತ್ತೇ? ತಿಳಿಯದು.

ಜೂನ್ 23, ಭಾನುವಾರ
ಮತ್ತೆ ಎಣಿಸಿದೆವು. ಕಾಳು, ಹಿಟ್ಟಿನದು 3. ಚಿಪ್ಸ್, ಬಿಸ್ಕತ್ತು 6. ಡಬ್ಬಿ 4. ಮಾತ್ರೆ ಶೀಟು 4, ಅದು ಕಡಿಮೆಯಾಗುವಂಥದ್ದಲ್ಲ. ಹಾಲಿನದು 14. ಒಟ್ಟು 31. ಹದಿನಾಲ್ಕಕ್ಕೂ ಮೂಲೆ ಅಂಟಿಕೊಂಡೇ ಇತ್ತು.